ಹಳೆಯ ಗೇಮಿನ ಕ್ಯಾಮೆರಾ ಕೈಗೆ ಬಗ್ಗದಿದ್ದರೆ: ದೋಷ ಎಲ್ಲಿದೆ ಎಂದು ಕಂಡುಹಿಡಿಯುವ ಬಗೆ

"ಮ್ಯಾಲಿನ ಬಟನ್ ಒತ್ತಿದ್ರ ಅಂವ ಕೆಳಗ ಬರ್ತಾನ್ರಿ. ಜಾಯ್‌ಸ್ಟಿಕ್ ಕೆಟ್ಟೈತೇನು?" ಬಾಗಲಕೋಟೆಯ ನವನಗರ, ವಿದ್ಯಾಗಿರಿ ಕಡೆ ಹಳೆಯ ಗೇಮ್ ಹಾಕಿಕೊಡಲು ಕರೆಯುವವರಿಂದ ನಾನು ಅತಿ ಹೆಚ್ಚು ಕೇಳುವ ದೂರು ಇದು. ಎರಡನೆಯದು, "ಕ್ಯಾಮೆರಾ ನಾ ಹೇಳಿದಂಗ ಕೇಳೂದಿಲ್ಲ." (ಗೇಮಿನಲ್ಲಿ ಕ್ಯಾಮೆರಾ ಎಂದರೆ ಪರದೆಯಲ್ಲಿ ನಮಗೆ ಕಾಣುವ ನೋಟ.) ಈ ಎರಡೂ ದೂರುಗಳ ಹಿಂದೆ ಮೂರು ಬೇರೆ ಬೇರೆ ಕಾರಣಗಳು ಇರಬಹುದು: ಕೈಯಲ್ಲಿರುವ ಸಾಮಾನು ಕೆಟ್ಟಿರಬಹುದು, ಯಾವುದೋ ಸೆಟ್ಟಿಂಗ್ ತಪ್ಪಿರಬಹುದು, ಇಲ್ಲವೇ ಗೇಮನ್ನು ಕಟ್ಟಿದ್ದೇ ಹಾಗೆ ಇರಬಹುದು. ಮೊದಲ ಎರಡನ್ನು ರಿಪೇರಿ ಮಾಡಬೇಕು, ಮೂರನೆಯದನ್ನು ಕಲಿಯಬೇಕು. ರಿಪೇರಿ ಮಾಡಬೇಕಾದ್ದನ್ನು ಕಲಿಯಲು ಹೋದರೆ ಕೈ ನೋಯುತ್ತದೆ. ಕಲಿಯಬೇಕಾದ್ದನ್ನು ರಿಪೇರಿ ಮಾಡಲು ಹೋದರೆ ಒಳ್ಳೆಯ ಗೇಮೊಂದು ಅರ್ಧಕ್ಕೇ ಮೂಲೆ ಸೇರುತ್ತದೆ. ಹಾಗೆ ಮೂಲೆ ಸೇರಿದ ಗೇಮುಗಳನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಈ ಪರೀಕ್ಷೆ

ಶತ್ರುಗಳಿಲ್ಲದ ಜಾಗದಲ್ಲಿ, ಕ್ಯಾಮೆರಾ ಬದಲಾಗದ ಒಂದೇ ದೃಶ್ಯದೊಳಗೆ ನಿಂತುಕೊಳ್ಳಿ. ಪಾತ್ರದ ಮುಖ ನಿಮ್ಮ ಕಡೆ, ಅಂದರೆ ಪರದೆಯಿಂದ ಹೊರಗೆ ನೋಡುವ ಹಾಗೆ ತಿರುಗಿಸಿ. ಕೈಬಿಟ್ಟು ಒಂದು ಕ್ಷಣ ಕಾಯಿರಿ. ಈಗ ಮೇಲಿನ ಬಟನ್ ಒತ್ತಿ.

ಪಾತ್ರ ನಿಮ್ಮ ಕಡೆಗೇ ನಡೆದು ಬಂದರೆ ಆ ಗೇಮಿನಲ್ಲಿ ಮೇಲಿನ ಬಟನ್ ಎಂದರೆ 'ಪಾತ್ರದ ಮುಂದಕ್ಕೆ'. ಹಿಂದಿರುಗಿ ದೂರಕ್ಕೆ ಹೋದರೆ ಅದು 'ಪರದೆಯ ಒಳಕ್ಕೆ', ಎಂದರೆ ದಿಕ್ಕನ್ನು ಕ್ಯಾಮೆರಾ ಕಡೆಯಿಂದ ಲೆಕ್ಕ ಹಾಕುವ ಗೇಮು. ಎರಡೂ ಸರಿಯೇ. ಇದನ್ನೇ ನಾಲ್ಕಾರು ಸಲ ಮಾಡಿ ನೋಡಿ. ಪ್ರತಿ ಸಲವೂ ಒಂದೇ ಫಲ ಬಂದರೆ ಅದು ಗೇಮಿನ ನಿಯಮ, ಜಾಯ್‌ಸ್ಟಿಕ್ ಬಿಚ್ಚುವ ಅಗತ್ಯವಿಲ್ಲ. ಒಮ್ಮೆ ಹಾಗೆ ಒಮ್ಮೆ ಹೀಗೆ ಆದರೆ, ಅಥವಾ ಏನೂ ಒತ್ತದೆಯೇ ಪಾತ್ರ ತಿರುಗುತ್ತಿದ್ದರೆ, ದೋಷ ಹೊರಗಿದೆ.

ದೋಷ ಹೊರಗಿದ್ದರೆ

ಏನೂ ಮುಟ್ಟದೆ ಕ್ಯಾಮೆರಾ ಒಂದೇ ಕಡೆ ಜಾರುತ್ತಿದ್ದರೆ ಅನಲಾಗ್ ಸ್ಟಿಕ್ (ಹೆಬ್ಬೆರಳಿನಿಂದ ಎಲ್ಲ ದಿಕ್ಕಿಗೂ ಆಡಿಸುವ ಗುಬಟು) ಸವೆದಿದೆ, ಇಲ್ಲವೇ ಒಳಗೆ ಧೂಳು ಕೂತಿದೆ. ನಮ್ಮ ಕಡೆ ಬೇಸಿಗೆಯ ಧೂಳು ಗೊತ್ತಿರುವುದೇ. ಕಂಪ್ಯೂಟರಿಗೆ ಜೋಡಿಸಿ, ವಿಂಡೋಸ್‌ನ ರನ್ ಪೆಟ್ಟಿಗೆಯಲ್ಲಿ 'ಜಾಯ್ ಡಾಟ್ ಸಿಪಿಎಲ್' ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಪ್ರಾಪರ್ಟೀಸ್ ತೆರೆಯಿರಿ. ಚೌಕದೊಳಗಿನ ಸಣ್ಣ ಗುರುತು ನಡುವೆ ನಿಲ್ಲದಿದ್ದರೆ ಕಾರಣ ಸಿಕ್ಕಿತು. ಮೊದಲು ಕ್ಯಾಲಿಬ್ರೇಟ್ ಮಾಡಿ, ಅಂದರೆ ಸ್ಟಿಕ್ಕಿನ ನಡು ಎಲ್ಲಿದೆ ಎಂದು ಕಂಪ್ಯೂಟರಿಗೆ ಮತ್ತೆ ತಿಳಿಸಿ. ಆಗದಿದ್ದರೆ ಎಮ್ಯುಲೇಟರಿನಲ್ಲಿ (ಹಳೆಯ ಗೇಮ್ ಯಂತ್ರದ ಕೆಲಸವನ್ನು ಕಂಪ್ಯೂಟರಿನಲ್ಲಿ ಮಾಡುವ ಪ್ರೋಗ್ರಾಂ) ಡೆಡ್ ಝೋನ್, ಅಂದರೆ ಸ್ಟಿಕ್ಕಿನ ಸಣ್ಣ ಅಲುಗಾಟವನ್ನು ಲೆಕ್ಕಕ್ಕೆ ಹಿಡಿಯದ ಅಂತರ, ಸ್ವಲ್ಪ ಹೆಚ್ಚಿಸಿ. ಅದಕ್ಕೂ ಬಗ್ಗದಿದ್ದರೆ ಸ್ಟಿಕ್ ಬದಲಿಸುವುದೇ ದಾರಿ.

ಸ್ಟಿಕ್ ಆಡಿಸಿದರೆ ಏನೂ ಆಗುತ್ತಿಲ್ಲ, ಬಾಣದ ಬಟನ್ ಮಾತ್ರ ಕೆಲಸ ಮಾಡುತ್ತದೆ ಎಂದರೆ ಬಹುಪಾಲು ಅದು ದೋಷವೇ ಅಲ್ಲ. 1994ರಲ್ಲಿ ಬಂದ ಮೊದಲ ಪ್ಲೇಸ್ಟೇಷನ್ ಜಾಯ್‌ಸ್ಟಿಕ್‌ನಲ್ಲಿ ಸ್ಟಿಕ್ಕುಗಳೇ ಇರಲಿಲ್ಲ. ಎರಡು ಸ್ಟಿಕ್ ಇರುವ ಡ್ಯುಯಲ್‌ಶಾಕ್ ಜಾಯ್‌ಸ್ಟಿಕ್ ಬಂದದ್ದು 1997ರಲ್ಲಿ, ಅದೂ ಮೊದಲು ಜಪಾನಿನಲ್ಲಿ. ಎರಡು ಸ್ಟಿಕ್ ಇಲ್ಲದೆ ಆಡಲಾಗದ ಮೊದಲ ಪ್ಲೇಸ್ಟೇಷನ್ ಗೇಮ್ ಏಪ್ ಎಸ್ಕೇಪ್ ಬಂದದ್ದು 1999ರಲ್ಲಿ. ಹಾಗಾಗಿ ಆ ಕಾಲದ ಅನೇಕ ಗೇಮುಗಳಿಗೆ ಸ್ಟಿಕ್ ಎಂಬುದೊಂದಿದೆ ಎನ್ನುವುದೇ ಗೊತ್ತಿಲ್ಲ. ಜಾಯ್‌ಸ್ಟಿಕ್ ನಡುವಿನ ಅನಲಾಗ್ ಬಟನ್ ಒತ್ತಿ ಕೆಂಪು ದೀಪ ಆರಿಸಿ, ಬಾಣದ ಬಟನ್ನಿನಿಂದ ಆಡಿ. ಅಗ್ಗದ ಯುಎಸ್‌ಬಿ ಜಾಯ್‌ಸ್ಟಿಕ್‌ಗಳಲ್ಲಿ ಹಲವಕ್ಕೆ ದೀಪ ಆರಿದಾಗ ಎಡ ಸ್ಟಿಕ್ಕೇ ಬಾಣದ ಬಟನ್ನಿನ ಕೆಲಸ ಮಾಡುತ್ತದೆ. ಡಕ್‌ಸ್ಟೇಷನ್ ಎಮ್ಯುಲೇಟರಿನಲ್ಲಾದರೆ ಕಂಟ್ರೋಲರ್ ಬಗೆಯನ್ನು ಡಿಜಿಟಲ್ ಎಂದು ಬದಲಿಸಬಹುದು. ಇಪಿಎಸ್‌ಎಕ್ಸ್‌ಇ ಬಳಸುವವರಿಗೆ ಎಫ್5 ಒತ್ತಿದರೆ ಅದೇ ಬದಲಾವಣೆ.

ಒತ್ತಿದ ಮೇಲೆ ತಡವಾಗಿ ತಿರುಗಿದರೆ ಟಿವಿ ನೋಡಿ. ಪ್ಲೇಸ್ಟೇಷನ್ 2 ಅನ್ನು ಎಲ್‌ಇಡಿ ಟಿವಿಗೆ ಹಾಕಿದಾಗ ಚಿತ್ರವನ್ನು ನಯಗೊಳಿಸಲು ಟಿವಿ ಸಮಯ ತಿನ್ನುತ್ತದೆ. ಟಿವಿಯ ಮೆನುವಿನಲ್ಲಿ ಗೇಮ್ ಮೋಡ್ ಹಾಕಿ. ನಡುವೆ ಎವಿಯಿಂದ ಎಚ್‌ಡಿಎಂಐಗೆ ಬದಲಿಸುವ ಅಗ್ಗದ ಡಬ್ಬಿ ಇದ್ದರೆ ಅದನ್ನು ತೆಗೆದು ನೇರವಾಗಿ ಎವಿ ವೈರ್ ಹಾಕಿ ಹೋಲಿಸಿ. ಮನೆಯ ಮೂಲೆಯಲ್ಲಿ ಇನ್ನೂ ಡಬ್ಬಾ ಟಿವಿ ಬದುಕಿದ್ದರೆ ಹಳೆಯ ಗೇಮಿಗೆ ಅದಕ್ಕಿಂತ ಒಳ್ಳೆಯದು ಇಲ್ಲ. ಗುಜರಿಗೆ ಹಾಕಬೇಡಿ.

ಇನ್ನು ಕೀಬೋರ್ಡು. ಮೂರು ಕೀ ಒಟ್ಟಿಗೆ ಒತ್ತಿದಾಗ ಒಂದು ಕೆಲಸ ಮಾಡದಿದ್ದರೆ ಅದು ಸಾಧಾರಣ ಕೀಬೋರ್ಡಿನ ಮಿತಿ. ಎಡಬಾಣ, ಮೇಲ್ಬಾಣ ಒತ್ತಿ ಹಿಡಿದು ಸ್ಪೇಸ್ ಒತ್ತಿ ನೋಡಿದರೆ ತಿಳಿಯುತ್ತದೆ. ಕೀಗಳನ್ನು ಬೇರೆ ಕಡೆ ಹಂಚಿದರೆ ಹೋಗುತ್ತದೆ. ಶಿಫ್ಟ್ ಅನ್ನು ಐದು ಸಲ ಒತ್ತಿದರೆ ವಿಂಡೋಸ್ ಸ್ಟಿಕಿ ಕೀಸ್ ಪೆಟ್ಟಿಗೆ ತೆರೆದು ಆಟ ನಿಲ್ಲಿಸುತ್ತದೆ. 1989ರ ಪ್ರಿನ್ಸ್ ಆಫ್ ಪರ್ಷಿಯಾದಲ್ಲಿ ಜಾಗರೂಕ ಹೆಜ್ಜೆಗೂ ಅಂಚು ಹಿಡಿಯಲಿಕ್ಕೂ ಶಿಫ್ಟೇ ಬೇಕು. ಆದ್ದರಿಂದ ಆಡುವ ಮುನ್ನ ಅದನ್ನು ಸೆಟ್ಟಿಂಗ್‌ನಲ್ಲಿ ಬಂದ್ ಮಾಡಿ.

ಕನ್ನಡದಲ್ಲಿ ಟೈಪ್ ಮಾಡುವವರ ಕಂಪ್ಯೂಟರಿಗೆ ಮಾತ್ರ ಬರುವ ಒಂದು ತೊಂದರೆಯೂ ಇದೆ. ವಿಂಡೋಸ್‌ನಲ್ಲಿ ಇಂಗ್ಲಿಷಿನ ಜೊತೆ ಕನ್ನಡ ಕೀಬೋರ್ಡನ್ನೂ ಸೇರಿಸಿದ್ದರೆ ಆಲ್ಟ್ ಮತ್ತು ಶಿಫ್ಟ್ ಒಟ್ಟಿಗೆ ಒತ್ತಿದಾಗ ಭಾಷೆ ಬದಲಾಗುತ್ತದೆ. ಹಳೆಯ ಟೂಂಬ್ ರೇಡರಿನಲ್ಲಿ ಆಲ್ಟ್ ಜಿಗಿಯಲಿಕ್ಕೆ, ಶಿಫ್ಟ್ ಮೆಲ್ಲಗೆ ನಡೆಯಲಿಕ್ಕೆ! ಆಟ ಆಡುವಾಗ ಭಾಷೆ ಬದಲಿಸುವ ಆ ಶಾರ್ಟ್‌ಕಟ್ ತೆಗೆದುಬಿಡಿ.

ವೈಸ್ ಸಿಟಿ, ಸ್ಯಾನ್ ಆಂಡ್ರಿಯಾಸ್

ಜಿಟಿಎ ಸರಣಿಯ ಈ ಎರಡಕ್ಕೆ ಬೇರೆ ಭಾಗವೇ ಬೇಕು. ಸೈಬರ್ ಕೆಫೆಯ ಕಾಲದಲ್ಲಿ ಬೆಳೆದವರಿಗೆ ಹಳೆಯ ಗೇಮ್ ಎಂದರೆ ಮೊದಲು ನೆನಪಾಗುವುದೇ ಇವು. ಪಿಸಿಗೆ ವೈಸ್ ಸಿಟಿ 2003ರಲ್ಲಿ, ಸ್ಯಾನ್ ಆಂಡ್ರಿಯಾಸ್ 2005ರಲ್ಲಿ ಬಂತು. ಹೊಸ ವಿಂಡೋಸಿನಲ್ಲಿ ಹಾಕಿದಾಗ ಮೌಸ್ ಆಡಿಸಿದರೂ ಕ್ಯಾಮೆರಾ ಅಲುಗುವುದಿಲ್ಲ ಎಂಬ ದೂರು ಇವೆರಡರಲ್ಲೂ ಸಾಮಾನ್ಯ.

ವೈಸ್ ಸಿಟಿಯಾದರೆ ಮೊದಲು ಕಂಟ್ರೋಲ್ ಮೆನು ತೆರೆದು ಕಂಟ್ರೋಲ್ ಮೆಥಡ್ ಸ್ಟ್ಯಾಂಡರ್ಡ್ ಇದೆಯೋ ಕ್ಲಾಸಿಕ್ ಇದೆಯೋ ನೋಡಿ. ಕ್ಲಾಸಿಕ್‌ನಲ್ಲಿ ಮೌಸಿಗೆ ಕ್ಯಾಮೆರಾ ಸಿಗುವುದಿಲ್ಲ. ಸ್ಟ್ಯಾಂಡರ್ಡ್ ಇದ್ದೂ ಅಲುಗದಿದ್ದರೆ ಗೇಮಿನಿಂದ ಹೊರಬಂದು ಡಾಕ್ಯುಮೆಂಟ್ಸ್ ಒಳಗಿನ ಆ ಗೇಮಿನ ಯೂಸರ್ ಫೈಲ್ಸ್ ಫೋಲ್ಡರ್ ತೆರೆಯಿರಿ. ಅಲ್ಲಿ 'ಡಾಟ್ ಸೆಟ್' ಎಂದು ಮುಗಿಯುವ ಒಂದೇ ಫೈಲ್ ಇರುತ್ತದೆ. ಅದನ್ನು ಅಳಿಸಿ ಮತ್ತೆ ಗೇಮ್ ಶುರು ಮಾಡಿ. ಸ್ಯಾನ್ ಆಂಡ್ರಿಯಾಸ್‌ಗೂ ಇದೇ ಮದ್ದು. ನೀವು ಬದಲಿಸಿಕೊಂಡ ಕೀಗಳು ಮೊದಲಿನಂತಾಗುತ್ತವೆ, ಆದರೆ ಸೇವ್ ಮಾಡಿದ ಆಟಕ್ಕೆ ಏನೂ ಆಗುವುದಿಲ್ಲ, ಅವು ಬೇರೆ ಫೈಲುಗಳು.

ಡಿಸ್ಪ್ಲೇ ಮೆನುವಿನ ಫ್ರೇಮ್ ಲಿಮಿಟರ್ (ಸೆಕೆಂಡಿಗೆ ಎಷ್ಟು ಚಿತ್ರ ಮೂಡಬೇಕೆಂಬ ಮಿತಿ) ಆಫ್ ಮಾಡಿದರೆ ಚಿತ್ರ ನಯವಾಗುತ್ತದೆ ಎಂದು ಗೆಳೆಯರು ಹೇಳಿರುತ್ತಾರೆ. ಮಾಡಬೇಡಿ. ಆ ಗೇಮುಗಳ ಒಳಗಿನ ಕೆಲವು ಲೆಕ್ಕಗಳು ಫ್ರೇಮಿನ ವೇಗಕ್ಕೆ ಕಟ್ಟಿಕೊಂಡಿವೆ. ಸ್ಯಾನ್ ಆಂಡ್ರಿಯಾಸ್‌ನಲ್ಲಿ ಲಿಮಿಟರ್ ತೆಗೆದರೆ ಈಜು ಕೂಡ ನಿಧಾನವಾಗುತ್ತದೆ. ಕ್ಯಾಮೆರಾ ಅಡ್ಡಕ್ಕೆ ಒಂದು ವೇಗ, ಮೇಲೆ ಕೆಳಗೆ ಇನ್ನೊಂದು ವೇಗದಲ್ಲಿ ಓಡಿದರೆ ಸೈಲೆಂಟ್‌ಪ್ಯಾಚ್ ಎಂಬ ಉಚಿತ ಪ್ಯಾಚ್ ಹಾಕಿ.

ವೈಸ್ ಸಿಟಿಯ ಡೆಮಾಲಿಷನ್ ಮ್ಯಾನ್ ಮಿಷನ್ನಿಗೆ ಬಂದು ನಿಂತವರ ಸಂಖ್ಯೆ ದೊಡ್ಡದು. ಕಟ್ಟುತ್ತಿರುವ ಕಟ್ಟಡದೊಳಗೆ ಆಟಿಕೆ ಹೆಲಿಕಾಪ್ಟರಿನಿಂದ ಬಾಂಬ್ ಇಡುವ ಮಿಷನ್ ಅದು. ಅಲ್ಲಿಯೂ ಮುಕ್ಕಾಲು ಪಾಲು ಕಷ್ಟ ಕಂಟ್ರೋಲಿನದ್ದೇ: ಏರಿಸಲು ಇಳಿಸಲು ಡಬ್ಲ್ಯೂ ಮತ್ತು ಎಸ್, ಬಾಗಿಸಿ ಮುಂದೆ ಹಿಂದೆ ಒಯ್ಯಲು ನಂಬರ್ ಪ್ಯಾಡ್. ನಂಬರ್ ಪ್ಯಾಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಹೆಲಿಕಾಪ್ಟರ್ ಮೇಲೆ ಕೆಳಗೆ ಹೋಗುತ್ತದೆ ಅಷ್ಟೇ, ಮುಂದೆ ಸಾಗದು. ಎಷ್ಟೋ ಹುಡುಗರು ಇದನ್ನು ತಮ್ಮ ಕೈಯ ಕೊರತೆ ಎಂದು ನಂಬಿ ಗೇಮ್ ಬಿಟ್ಟಿದ್ದಾರೆ. ವಾಹನದ ಕಂಟ್ರೋಲ್ ಪಟ್ಟಿಯಲ್ಲಿ ನಂಬರ್ ಪ್ಯಾಡ್ ಎಂದಿರುವ ಸಾಲುಗಳಿಗೆ ಬಲಗೈ ಬೆರಳು ಮುಟ್ಟುವ ಬೇರೆ ಕೀಗಳನ್ನು ಕೊಡಿ. ಇನ್ನೊಂದು ಮಾತು: ಗಡಿಯಾರ ಓಡತೊಡಗುವುದು ಮೊದಲ ಬಾಂಬ್ ಎತ್ತಿದ ಮೇಲೆ. ಅದಕ್ಕೆ ಮುಂಚೆ ಹೊರಗೆ ಎಷ್ಟು ಹೊತ್ತು ಬೇಕಾದರೂ ಹಾರಿಸಿ ಕೈ ಪಳಗಿಸಿಕೊಳ್ಳಬಹುದು.

'ಮೇಲೆ' ಎಂದರೆ 'ಮುಂದೆ' ಆದಾಗ

ಈಗ ಕಲಿಯಬೇಕಾದ ಭಾಗ. ಮೊದಲ ಪರೀಕ್ಷೆಯಲ್ಲಿ ಪಾತ್ರ ನಿಮ್ಮ ಕಡೆ ನಡೆದು ಬಂದಿದ್ದರೆ ಅದು ಟ್ಯಾಂಕ್ ಕಂಟ್ರೋಲ್. 1996ರ ರೆಸಿಡೆಂಟ್ ಈವಿಲ್, 1998ರ ಗ್ರಿಮ್ ಫ್ಯಾಂಡ್ಯಾಂಗೋ ಎಲ್ಲ ಇದೇ ಬಗೆ. ಎಡ ಬಲ ಒತ್ತಿದರೆ ಪಾತ್ರ ನಿಂತಲ್ಲೇ ತಿರುಗುತ್ತದೆ, ಮೇಲೆ ಒತ್ತಿದರೆ ಮುಖ ಇರುವ ಕಡೆ ನಡೆಯುತ್ತದೆ, ಕೆಳಗೆ ಒತ್ತಿದರೆ ಹಿಮ್ಮುಖ ಹೆಜ್ಜೆ.

ಹೀಗೇಕೆ ಮಾಡಿದರು? ರೆಸಿಡೆಂಟ್ ಈವಿಲ್‌ನ ಬಂಗಲೆಯ ಕೋಣೆಗಳು ಮುಂಚೆಯೇ ತಯಾರಿಸಿಟ್ಟ ಸ್ಥಿರ ಚಿತ್ರಗಳು, ಅವುಗಳ ಮೇಲೆ ಚಲಿಸುವ ಪಾತ್ರಗಳಷ್ಟೇ ಮೂರು ಆಯಾಮದವು. ಆ ಕಾಲದ ಯಂತ್ರದಲ್ಲಿ ಅಷ್ಟು ವಿವರವಾದ ಕೋಣೆಯನ್ನು ಆಡುವಾಗಲೇ ಬಿಡಿಸುವುದು ಆಗುತ್ತಿರಲಿಲ್ಲ. ಚಿತ್ರ ಸ್ಥಿರ ಎಂದ ಮೇಲೆ ಕ್ಯಾಮೆರಾವೂ ಸ್ಥಿರ. ಪಾತ್ರ ನಾಲ್ಕು ಹೆಜ್ಜೆ ನಡೆದರೆ ಚಿತ್ರ ಥಟ್ಟನೆ ಬದಲಾಗುತ್ತದೆ, ಹಿಂದಿನಿಂದ ನೋಡುತ್ತಿದ್ದವರು ಎದುರಿನಿಂದ ನೋಡತೊಡಗುತ್ತೀರಿ. ಆ ಹೊತ್ತಿಗೆ ದಿಕ್ಕು ಕ್ಯಾಮೆರಾಗೆ ಕಟ್ಟಿಕೊಂಡಿದ್ದರೆ, ಒತ್ತಿಹಿಡಿದ ಬಟನ್ ಪಾತ್ರವನ್ನು ಬಂದ ದಾರಿಗೇ ವಾಪಸ್ ಕಳಿಸುತ್ತಿತ್ತು. ಟ್ಯಾಂಕ್ ಕಂಟ್ರೋಲಿನಲ್ಲಿ ಚಿತ್ರ ಎಷ್ಟು ಸಲ ಬದಲಾದರೂ ಹೆಬ್ಬೆರಳು ಕದಲಿಸಬೇಕಿಲ್ಲ, ಪಾತ್ರ ನೇರ ಓಡುತ್ತದೆ. ಅಂದರೆ ಇದು ಆ ಕ್ಯಾಮೆರಾಗೆಂದೇ ಹೊಂದಿಸಿದ ಕಂಟ್ರೋಲ್. ಇಲ್ಲಿ ಎಡ ಬಲ ಎರಡೂ ಪಾತ್ರದವು, ನೋಡುವವರವಲ್ಲ.

ನಮ್ಮ ಅಕ್ಕನ ಮಗ ಜಮಖಂಡಿಯಿಂದ ರಜೆಗೆ ಬಂದಾಗ ಇದೇ ಕಷ್ಟಪಟ್ಟ. "ಮಾಮಾ, ಎಡಕ್ಕ ಒತ್ತಿದ್ರ ಬಲಕ್ಕ ಹೋಗ್ತಾಳ." ನಾನು ಕೇಳಿದೆ: "ತಮ್ಮಾ, ಕಾರ್ಖಾನಿಗೆ ಕಬ್ಬು ಹೇರಕೊಂಡು ಹೊಂಟ ಟ್ರ್ಯಾಕ್ಟರ್ ನಿನ್ನ ಎದುರಿಂದ ಬಂದ್ರ, ಡ್ರೈವರ್ ಸ್ಟೇರಿಂಗ್ ಎಡಕ್ಕ ತಿರವಿದ್ರ ಗಾಡಿ ಯಾರ ಎಡಕ್ಕ ಹೋಗ್ತೈತಿ?" "ಅವನ ಎಡಕ್ಕ." "ನೀ ಡ್ರೈವರ್ ಸೀಟಿನ್ಯಾಗ ಕುಂದರು, ರಸ್ತಾದಾಗ ನಿಂದರಬ್ಯಾಡ." ಅಲ್ಲಿಂದ ಮುಂದೆ ಅವನು ದಿಕ್ಕು ತಪ್ಪಿದಾಗಲೆಲ್ಲ ಕುರ್ಚಿಯಲ್ಲೇ ಮೈ ತಿರುಗಿಸಿ ಪಾತ್ರದ ಹಾಗೆ ಕೂರುತ್ತಿದ್ದ. ನೋಡುವವರಿಗೆ ವಿಚಿತ್ರ, ಆದರೆ ಕೆಲಸ ಮಾಡುತ್ತದೆ. ಚಿಕ್ಕವರಿಗೆ ಇದನ್ನೇ ಹೇಳಿಕೊಡಿ.

ಅಭ್ಯಾಸದ ಕ್ರಮವೂ ಮುಖ್ಯ. ಮೊದಲು ಖಾಲಿ ಕೋಣೆಯಲ್ಲಿ ಗೋಡೆಗುಂಟ ನಡೆಯಿರಿ, ಓಡಬೇಡಿ. ಆಮೇಲೆ ಮೇಜಿನ ಸುತ್ತ ಎರಡೂ ದಿಕ್ಕಿನಲ್ಲಿ ಸುತ್ತಿ. ಮೂರನೆಯದಾಗಿ ಓಡುತ್ತಲೇ ತಿರುಗಿ: ಮೇಲಿನ ಬಟನ್ ಬಿಡದೆ ಎಡ ಅಥವಾ ಬಲವನ್ನು ತುಸುವೇ ತಾಗಿಸುವುದು. ಹೊಸಬರು ಮಾಡುವುದು ಇದಕ್ಕೆ ವಿರುದ್ಧ. ನಿಂತು, ತಿರುಗಿ, ಮತ್ತೆ ನಡೆಯುತ್ತಾರೆ, ಅಷ್ಟರಲ್ಲಿ ಶತ್ರು ಮೈಮೇಲೆ ಬಂದಿರುತ್ತದೆ. ಬೆನ್ನ ಹಿಂದೆ ಶತ್ರು ಇದ್ದಾಗ ಅರ್ಧ ಸುತ್ತು ತಿರುಗುವುದು ಮೊದಲ ಎರಡು ರೆಸಿಡೆಂಟ್ ಈವಿಲ್‌ಗಳಲ್ಲಿ ನಿಧಾನ. 1999ರ ಮೂರನೆಯದರಲ್ಲಿ ಕೆಳಗಿನ ಬಟನ್ ಜೊತೆ ಓಡುವ ಬಟನ್ ಒತ್ತಿದರೆ ಪಾತ್ರ ಒಮ್ಮೆಗೇ ಹಿಂದಿರುಗುತ್ತದೆ. ಟ್ಯಾಂಕ್ ಕಂಟ್ರೋಲ್ ಕಲಿಯಲು ಹೊರಟವರಿಗೆ ನಾನು ಮೊದಲು ಮೂರನೆಯದನ್ನೇ ಹಾಕಿಕೊಡುತ್ತೇನೆ, ಕಥೆಯ ಕ್ರಮ ಆಮೇಲೆ.

ಈ ಗೇಮುಗಳಲ್ಲಿ ಸೇವ್ ಮಾಡಲು ಇಂಕ್ ರಿಬ್ಬನ್ ಬೇಕು, ಅವು ಎಣಿಕೆಯವು. ಕಲಿಯುವ ದಿನಗಳಲ್ಲಿ ಪ್ರತಿ ಸಾವಿಗೂ ಅರ್ಧ ಗಂಟೆ ಕಳೆದುಕೊಂಡರೆ ಯಾರಿಗೂ ಉತ್ಸಾಹ ಉಳಿಯದು. ಆಟವನ್ನು ಯಾವ ಕ್ಷಣದಲ್ಲಾದರೂ ಹಾಗೇ ಉಳಿಸಿಡುವ ಎಮ್ಯುಲೇಟರಿನ ಸೇವ್ ಸ್ಟೇಟ್ ಬಳಸಿಕೊಳ್ಳಿ. ಅದು ಮೋಸ ಎನ್ನುವವರ ಮಾತಿಗೆ ನಾನು ಒಪ್ಪುವುದಿಲ್ಲ, ಮೊದಲು ಕೈ ಕುದುರಲಿ.

ಟೂಂಬ್ ರೇಡರ್: ಕಣ್ಣಿಗಿಂತ ಅಳತೆ

ಇಂಗ್ಲೆಂಡಿನ ಕೋರ್ ಡಿಸೈನ್ 1996ರಲ್ಲಿ ತಂದ ಟೂಂಬ್ ರೇಡರಿನಲ್ಲೂ ಟ್ಯಾಂಕ್ ಕಂಟ್ರೋಲೇ, ಆದರೆ ಕ್ಯಾಮೆರಾ ನಾಯಕಿ ಲಾರಾಳ ಹಿಂದೆ ಹಿಂದೆ ಬರುತ್ತದೆ. ಇಲ್ಲಿಯ ದೂರು ಬೇರೆ: "ಜಿಗಿ ಅಂದ್ರ ಜಿಗಿಯೂದಿಲ್ಲ, ಹೊಂಡದಾಗ ಬೀಳ್ತಾಳ." ಗೋಡೆಗೆ ಬೆನ್ನು ಕೊಟ್ಟಾಗ ಕ್ಯಾಮೆರಾ ತಲೆಯ ಮೇಲಕ್ಕೆ ಏರಿ ಏನೂ ಕಾಣದಾಗುತ್ತದೆ ಎಂಬುದೂ ನಿಜ.

ಕಾರಣ ತಿಳಿದರೆ ಅರ್ಧ ಗೆದ್ದಂತೆ. ಆ ಲೋಕವೆಲ್ಲ ಸಮನಾದ ಚೌಕಗಳಿಂದ ಕಟ್ಟಿದ್ದು. ಲಾರಾಳ ಪ್ರತಿ ಚಲನೆಗೂ ಚೌಕಗಳಲ್ಲಿ ಅಳತೆ ಇದೆ. ನಿಂತು ಜಿಗಿದರೆ ಒಂದು ಚೌಕದ ಹೊಂಡ ದಾಟುತ್ತಾಳೆ. ಓಡಿ ಜಿಗಿದರೆ ಎರಡು. ಓಡಿ ಜಿಗಿದು ಆಕ್ಷನ್ ಬಟನ್ ಹಿಡಿದರೆ ಮೂರನೆಯ ಚೌಕದಾಚೆಯ ಅಂಚನ್ನು ಕೈಯಿಂದ ಹಿಡಿಯುತ್ತಾಳೆ. ಹಿಂದಕ್ಕೆ ಒಂದು ನೆಗೆತ ಅಂದರೆ ಓಟಕ್ಕೆ ಬೇಕಾದ ಒಂದು ಚೌಕ.

ಆದ್ದರಿಂದ ಕ್ಯಾಮೆರಾ ನಂಬದೆ ಹೀಗೆ ಮಾಡಿ. ನಡೆಯುವ ಬಟನ್ ಒತ್ತಿಹಿಡಿದು ಅಂಚಿನವರೆಗೆ ಹೋಗಿ. ಅದು ಒತ್ತಿರುವವರೆಗೆ ಲಾರಾ ಅಂಚಿನಲ್ಲಿ ತಾನೇ ನಿಲ್ಲುತ್ತಾಳೆ, ಬೀಳುವುದಿಲ್ಲ. ಅದನ್ನು ಬಿಟ್ಟು ಕೆಳಗಿನ ಬಟನ್ ಒಮ್ಮೆ ತಟ್ಟಿ, ಹಿಂದಕ್ಕೆ ನೆಗೆಯುತ್ತಾಳೆ. ಈಗ ಮೇಲಿನ ಬಟನ್ ಒತ್ತಿ ಓಡಿಸಿ, ಕೂಡಲೇ ಜಿಗಿಯುವ ಬಟನ್ ಒತ್ತಿಹಿಡಿಯಿರಿ. ಅಂಚು ಬಂದಾಗ ಅವಳೇ ಜಿಗಿಯುತ್ತಾಳೆ. ಕೊನೆಯ ಕ್ಷಣಕ್ಕೆ ಕಾದು ಒತ್ತುವ ಅಭ್ಯಾಸ ಹೊಸ ಗೇಮುಗಳಿಂದ ಬಂದದ್ದು, ಇಲ್ಲಿ ಅದೇ ಬೀಳಿಸುತ್ತದೆ. ಕಣ್ಣು ಮುಚ್ಚಿ ಮಾಡಿದರೂ ಇದು ತಪ್ಪುವುದಿಲ್ಲ. ಇಷ್ಟು ಕರಾರುವಾಕ್ಕಾದ ಕಂಟ್ರೋಲ್ ಇಂದಿನ ಅದ್ದೂರಿ ಗೇಮುಗಳಲ್ಲೂ ನಾನು ಕಂಡದ್ದು ಕಡಿಮೆ.

ಕ್ಯಾಮೆರಾ ಗೋಡೆಗೆ ಸಿಕ್ಕಿಕೊಂಡಾಗ ನೋಡುವ ಬಟನ್ ಒತ್ತಿಹಿಡಿದು ತಲೆ ತಿರುಗಿಸಿ ಸುತ್ತ ನೋಡಿ, ಮನಸ್ಸಿನಲ್ಲಿ ಚೌಕ ಎಣಿಸಿ, ಆಮೇಲೆ ಬಿಡಿ. ಮೆನುವಿನಲ್ಲಿ ಲಾರಾಳ ಮನೆ ಎಂಬ ಭಾಗವಿದೆ, ಅಲ್ಲಿಯ ವ್ಯಾಯಾಮದ ಹಾಲ್ ಇರುವುದೇ ಕಲಿಯಲಿಕ್ಕೆ. ದಾಟಿಸಿಬಿಡಬೇಡಿ. ಸಾಧ್ಯವಾದರೆ ಪ್ಲೇಸ್ಟೇಷನ್ನಿನ ಬದಲು ಪಿಸಿ ಆವೃತ್ತಿಯಿಂದ ಶುರು ಮಾಡಿ. ಪ್ಲೇಸ್ಟೇಷನ್ನಿನಲ್ಲಿ ಸೇವ್ ಹರಳು ಸಿಗುವವರೆಗೆ ಕಾಯಬೇಕು, ಪಿಸಿಯಲ್ಲಿ ಎಲ್ಲಿ ಬೇಕಾದರೂ ಸೇವ್ ಆಗುತ್ತದೆ.

2024ರಲ್ಲಿ ಬಂದ ಮೊದಲ ಮೂರು ಭಾಗಗಳ ರೀಮಾಸ್ಟರಿನಲ್ಲಿ (ತಿದ್ದಿ ಹೊಸದಾಗಿ ತಂದ ಆವೃತ್ತಿ) ಹೊಸ ಬಗೆಯ ಕಂಟ್ರೋಲೂ ಇದೆ. ಸುತ್ತಾಡಲು ಅದು ಹಗುರ. ಆದರೆ ಹಿಂದಕ್ಕೆ ನೆಗೆದು ಅಳತೆ ಹಿಡಿಯುವ ಜಾಗ ಬಂದಾಗ ಹಳೆಯದಕ್ಕೇ ಮರಳುವುದು ಮೇಲು ಎನ್ನುವುದು ನನ್ನ ಅಭಿಪ್ರಾಯ.

ಚಿತ್ರ ಬದಲಾದಾಗ ದಿಕ್ಕು ತಪ್ಪಿದರೆ

ಕ್ಯಾಮೆರಾ ಸ್ಥಿರ, ಆದರೆ ದಿಕ್ಕು ಪರದೆಯ ಲೆಕ್ಕದ್ದು ಎನ್ನುವ ಗೇಮುಗಳೂ ಇವೆ. 2001ರ ಡೆವಿಲ್ ಮೇ ಕ್ರೈ, 2005ರ ಗಾಡ್ ಆಫ್ ವಾರ್ ಈ ಜಾತಿಯವು. ಚಿತ್ರ ಬದಲಾದ ಕೂಡಲೇ ಸ್ಟಿಕ್ ತಿರುಗಿಸಬೇಡಿ. ಡೆವಿಲ್ ಮೇ ಕ್ರೈನಲ್ಲಿ ಹಿಡಿದ ಸ್ಟಿಕ್ ಬಿಡುವವರೆಗೆ ಹಳೆಯ ದಿಕ್ಕೇ ನಡೆಯುತ್ತದೆ. ನಾಲ್ಕು ಹೆಜ್ಜೆ ಹೋದ ಮೇಲೆ ಸ್ಟಿಕ್ ಬಿಟ್ಟು ಹೊಸದಾಗಿ ಹಿಡಿಯಿರಿ. ಗಾಡ್ ಆಫ್ ವಾರ್‌ನಲ್ಲಿ ಕ್ಯಾಮೆರಾ ತಿರುಗಿಸಲು ಬಲ ಸ್ಟಿಕ್ ಆಡಿಸಿದರೆ ನಾಯಕ ಕ್ರೇಟೋಸ್ ಉರುಳುತ್ತಾನೆ. ಅಲ್ಲಿ ಬಲ ಸ್ಟಿಕ್ ಇರುವುದೇ ತಪ್ಪಿಸಿಕೊಳ್ಳಲು.

1997ರ ಫೈನಲ್ ಫ್ಯಾಂಟಸಿ 7ರಲ್ಲಿ ದಾರಿಯೇ ಕಾಣದಿದ್ದರೆ ಸೆಲೆಕ್ಟ್ ಬಟನ್ ಒತ್ತಿ. ಪಾತ್ರದ ತಲೆಯ ಮೇಲೆ ಕೈ ಗುರುತು, ಬಾಗಿಲುಗಳ ಮೇಲೆ ಬಾಣದ ಗುರುತು ಮೂಡುತ್ತವೆ. 2001ರ ಸೈಲೆಂಟ್ ಹಿಲ್ 2ರ ಆಯ್ಕೆಗಳಲ್ಲಿ ಚಲನೆಯನ್ನು 3ಡಿಯಿಂದ 2ಡಿಗೆ ಬದಲಿಸಿದರೆ ಟ್ಯಾಂಕ್ ಹೋಗಿ ಪರದೆಯ ದಿಕ್ಕು ಬರುತ್ತದೆ. ಎಲ್2 ಒತ್ತಿಹಿಡಿದರೆ ಕ್ಯಾಮೆರಾ ಬೆನ್ನ ಹಿಂದೆ ಬರುತ್ತದೆ. ತುಂಬ ಜನಕ್ಕೆ ಈ ಎಲ್2 ಗೊತ್ತೇ ಇರುವುದಿಲ್ಲ. ಮಂಜಿನಲ್ಲಿ ಕುರುಡಾಗಿ ಅಲೆದು ಬೇಸತ್ತು ಬಿಡುತ್ತಾರೆ.

1993ರ ಡೂಮ್‌ನಲ್ಲಿ ಮೌಸ್ ಮುಂದೆ ದೂಡಿದರೆ ನೋಟ ಮೇಲಕ್ಕೆ ಹೋಗದೆ ಆಟಗಾರನೇ ಮುಂದೆ ನಡೆಯುತ್ತಾನೆ. ಅದೂ ಕೆಟ್ಟದ್ದಲ್ಲ, ಆ ಗೇಮಿನಲ್ಲಿ ಮೇಲೆ ಕೆಳಗೆ ನೋಡುವುದೇ ಇಲ್ಲ, ಎತ್ತರದ ಗುರಿಯನ್ನು ಗೇಮೇ ಹಿಡಿದುಕೊಡುತ್ತದೆ. ಡೂಮನ್ನು ಇಂದಿನ ಕಂಪ್ಯೂಟರಿನಲ್ಲಿ ಓಡಿಸುವ ಚಾಕೊಲೇಟ್ ಡೂಮ್‌ನ ಸೆಟಪ್‌ನಲ್ಲಿ ಮೌಸಿನ ಲಂಬ ಚಲನೆ ಬಂದ್ ಮಾಡಿದರೆ ತೊಂದರೆ ಮುಗಿಯಿತು. ಸ್ಟಿಕ್ ಮೇಲೆ ಒತ್ತಿದರೆ ನೋಟ ಕೆಳಗೆ ಹೋದರೆ ಮೇಲೆ ಕೆಳಗೆ ಅದಲು ಬದಲು ಮಾಡುವ ಇನ್ವರ್ಟ್ ಎಂಬ ಆಯ್ಕೆ ಹುಡುಕಿ.

ತಲೆ ಸುತ್ತಿದರೆ

ಮೊದಲು ಚಿತ್ರದ ಆಕಾರ ನೋಡಿ. ಹಳೆಯ ಗೇಮುಗಳ ಚೌಕಟ್ಟು 4:3. ಅದನ್ನು 16:9ರ ಟಿವಿ ತುಂಬ ಹಿಗ್ಗಿಸಿದರೆ ಮನುಷ್ಯರು ದಪ್ಪಗಾಗಿ, ತಿರುಗುವಾಗ ಕೋಣೆಯೇ ಎಳೆದಾಡಿದಂತೆ ಕಾಣುತ್ತದೆ. ಟಿವಿಯಲ್ಲೋ ಎಮ್ಯುಲೇಟರಿನಲ್ಲೋ 4:3 ಇಡಿ, ಎಡಬಲಕ್ಕೆ ಕಪ್ಪು ಪಟ್ಟಿ ಬಂದರೆ ಬರಲಿ. ಮೊದಲ ಪ್ಲೇಸ್ಟೇಷನ್ನಿನ ಗೇಮುಗಳಲ್ಲಿ ಗೋಡೆ ನೆಲ ನಡುಗುವುದು ಯಂತ್ರದ ಸ್ವಭಾವ. ಡಕ್‌ಸ್ಟೇಷನ್‌ನಲ್ಲಿ ಪಿಜಿಎಕ್ಸ್‌ಪಿ ಎಂಬ ಆಯ್ಕೆ ಆನ್ ಮಾಡಿದರೆ ಬಹಳಷ್ಟು ಕಡಿಮೆಯಾಗುತ್ತದೆ. ಕೋಣೆಯ ಲೈಟ್ ಹಾಕಿಕೊಂಡು, ಪರದೆಯಿಂದ ತುಸು ದೂರ ಕೂತು, ಹೊಟ್ಟೆ ತೊಳಸುವ ಸೂಚನೆ ಸಿಕ್ಕ ಕೂಡಲೇ ನಿಲ್ಲಿಸಿ. ಹಟಕ್ಕೆ ಬಿದ್ದು ಮುಂದುವರಿಸಿದರೆ ಮರುದಿನ ಆ ಗೇಮಿನ ಹೆಸರು ಕೇಳಿದರೂ ಬೇಡವಾಗುತ್ತದೆ. ಇಷ್ಟಾದರೂ ಸುತ್ತು ನಿಲ್ಲದವರು ಬೆನ್ನಟ್ಟುವ ಕ್ಯಾಮೆರಾದ ಗೇಮುಗಳನ್ನು ಸದ್ಯಕ್ಕೆ ಬದಿಗಿಟ್ಟು, ಸ್ಥಿರ ಕ್ಯಾಮೆರಾದ ರೆಸಿಡೆಂಟ್ ಈವಿಲ್ ಅಥವಾ ಮೇಲಿನಿಂದ ನೋಡುವ 1998ರ ಕಮಾಂಡೋಸ್ ಹಾಕಿಕೊಳ್ಳಿ. ಅಲ್ಲಿ ನೋಟ ತಾನಾಗಿ ಸುತ್ತುವುದಿಲ್ಲ.